ಪೆಬಲ್‌ನ ತಾಮ್ರ, ಬ್ರಿಸ್ಟಲ್ ಕೊಲ್ಲಿಯ ಮೀನು



ಅಮೆರಿಕದ ಅಲಾಸ್ಕ ರಾಜ್ಯದ ನೈರುತ್ಯ ಭಾಗದಲ್ಲಿ, ಆಂಕರೇಜ್ ನಗರದಿಂದ ಸುಮಾರು 320 ಕಿಲೋಮೀಟರ್ ದೂರದಲ್ಲಿ, ರಸ್ತೆ ಸಂಪರ್ಕವಿಲ್ಲದ ಒಂದು ಎತ್ತರದ ಬಯಲಿದೆ. ಅಲ್ಲಿ ದಟ್ಟ ಕಾಡಿಲ್ಲ. ಪಾಚಿ, ಕುರುಚಲು ಗಿಡ, ಜವುಗು ನೆಲ ಮತ್ತು ಲೆಕ್ಕವಿಲ್ಲದಷ್ಟು ಹೊಂಡಗಳಿವೆ. ಅಲ್ಲಿ ಹುಟ್ಟುವ ತೊರೆಗಳಲ್ಲಿ ಕೆಲವು ನುಷಗಾಕ್ ನದಿಯನ್ನು ಸೇರುತ್ತವೆ. ಉಳಿದವು ಇಲಿಯಮ್ನಾ ಸರೋವರದ ಮೂಲಕ ಕ್ವಿಚಕ್ ನದಿಯನ್ನು ಸೇರುತ್ತವೆ. ಎರಡೂ ನದಿಗಳು ಕೊನೆಗೆ ಮುಟ್ಟುವುದು ಬ್ರಿಸ್ಟಲ್ ಕೊಲ್ಲಿಯನ್ನೇ. ಒಂದೇ ಗುಡ್ಡದ ಮಳೆನೀರು ಎರಡು ನದಿಗಳಿಗೆ ಹಂಚಿಹೋಗುವ ನೋಟ ಮಲೆನಾಡಿನವರಿಗೆ ಹೊಸತಲ್ಲ. ಆದರೆ ಈ ಜಲವಿಭಜಕದ ನೆಲದಡಿಯಲ್ಲಿ ಜಗತ್ತಿನ ಅತಿ ದೊಡ್ಡ ತಾಮ್ರ-ಚಿನ್ನದ ನಿಕ್ಷೇಪಗಳಲ್ಲಿ ಒಂದು ಅಡಗಿದೆ. ಅದರ ಹೆಸರು ಪೆಬಲ್.

ಈ ಲೋಹ ಅಲ್ಲಿಗೆ ಬಂದ ಬಗೆಯನ್ನು ಮೊದಲು ತಿಳಿಯಬೇಕು. ಸುಮಾರು 9 ಕೋಟಿ ವರ್ಷಗಳ ಹಿಂದೆ ಭೂಮಿಯ ಆಳದಿಂದ ಶಿಲಾಪಾಕ ಮೇಲೇರಿ, ನೆಲವನ್ನು ಭೇದಿಸಿ ಹೊರಬರದೆ, ಕೆಲವು ಕಿಲೋಮೀಟರ್ ಕೆಳಗೇ ತಣಿಯತೊಡಗಿತು. ತಣಿಯುವಾಗ ಅದರಿಂದ ಹೊರಬಿದ್ದ ಅತ್ಯುಷ್ಣ ದ್ರವವು ಸುತ್ತಲ ಬಂಡೆಯನ್ನು ಸಾವಿರಾರು ಬಿರುಕುಗಳಾಗಿ ಒಡೆಯಿತು. ಆ ದ್ರವದಲ್ಲಿ ಕರಗಿದ್ದ ತಾಮ್ರ, ಚಿನ್ನ ಮತ್ತು ಮಾಲಿಬ್ಡಿನಂ ಬಿರುಕುಗಳಲ್ಲಿ ಗಂಧಕದೊಡನೆ ನೆಲೆಗೊಂಡವು. ಇಂಥ ನಿಕ್ಷೇಪವನ್ನು ಭೂವಿಜ್ಞಾನಿಗಳು ಪೋರ್ಫಿರಿ ಎನ್ನುತ್ತಾರೆ. ಕೋಲಾರದಲ್ಲಿ ಚಿನ್ನವು ಬೆಣಚುಕಲ್ಲಿನ ಪಟ್ಟಿಗಳಲ್ಲಿ ಸೇರಿಕೊಂಡಿತ್ತು. ಆ ಪಟ್ಟಿಯನ್ನೇ ಹಿಂಬಾಲಿಸಿ ಗಣಿಗಾರರು ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದರು. ಪೋರ್ಫಿರಿಯಲ್ಲಿ ಹಾಗೆ ಹಿಂಬಾಲಿಸುವ ಪಟ್ಟಿಯೇ ಇಲ್ಲ. ಲೋಹವು ಇಡೀ ಬೆಟ್ಟದ ಗಾತ್ರದ ಬಂಡೆಯಲ್ಲಿ ಕಣಕಣವಾಗಿ ಚದುರಿರುತ್ತದೆ. ಆದ್ದರಿಂದ ಲೋಹ ಬೇಕಾದವನು ಬಂಡೆಯನ್ನೆಲ್ಲ ಅಗೆದು ಪುಡಿಮಾಡಬೇಕಾಗುತ್ತದೆ.

ಇದರ ಅರ್ಥವನ್ನು ಅಂಕಿಗಳಲ್ಲಿ ನೋಡಬಹುದು. ಪೆಬಲ್‌ನಲ್ಲಿ ಸಾಕಷ್ಟು ಖಚಿತವಾಗಿ ಅಳೆದಿರುವ ಅದಿರು ಸುಮಾರು 650 ಕೋಟಿ ಟನ್. ಅದರಲ್ಲಿ ತಾಮ್ರದ ಪ್ರಮಾಣ ಸರಾಸರಿ ಶೇಕಡಾ 0.40, ಚಿನ್ನವು ಟನ್ನಿಗೆ 0.34 ಗ್ರಾಂ. ಒಟ್ಟು ಮೊತ್ತ ಕಣ್ಣು ಕುಕ್ಕುವಂಥದು: ಎರಡೂವರೆ ಕೋಟಿ ಟನ್ನಿಗೂ ಮಿಕ್ಕ ತಾಮ್ರ, ಸುಮಾರು 2,200 ಟನ್ ಚಿನ್ನ. ಆದರೆ ಒಂದೇ ಒಂದು ಟನ್ ಬಂಡೆಯನ್ನು ತೆಗೆದುಕೊಂಡರೆ ಅದರಲ್ಲಿರುವುದು 4 ಕಿಲೋಗ್ರಾಂ ತಾಮ್ರ ಮತ್ತು ಗ್ರಾಮಿನ ಮೂರನೇ ಒಂದು ಪಾಲು ಚಿನ್ನ. ಉಳಿದದ್ದರಲ್ಲಿ ಬಹುಪಾಲು ನುಣ್ಣನೆಯ ಕೆಸರಾಗಿ ಗಣಿಯ ಪಕ್ಕದಲ್ಲೇ ಉಳಿಯುತ್ತದೆ.

ಪರಿಶೋಧನೆಯ ಕಥೆ 1987ರಲ್ಲಿ ಆರಂಭವಾಯಿತು. ಕೊಮಿಂಕೊ ಎಂಬ ಕಂಪನಿಯ ಭೂವಿಜ್ಞಾನಿಗಳು ಆ ಪ್ರದೇಶದಲ್ಲಿ ಚಿನ್ನವನ್ನು ಅರಸುತ್ತಿದ್ದಾಗ ನೆಲದ ಬಣ್ಣದಲ್ಲಿ ವ್ಯತ್ಯಾಸವನ್ನು ಗಮನಿಸಿದರು. ಗಂಧಕಯುಕ್ತ ಖನಿಜಗಳು ಗಾಳಿ-ನೀರಿಗೆ ತುಕ್ಕು ಹಿಡಿದಾಗ ಮಣ್ಣು ಕೆಂಪು-ಹಳದಿಯಾಗುತ್ತದೆ. ಮಣ್ಣಿನ ಮಾದರಿಗಳ ಪರೀಕ್ಷೆ ನಡೆಯಿತು. ನೆಲಕ್ಕೆ ವಿದ್ಯುತ್ ಹರಿಸಿ ಖನಿಜಗಳ ಇರವನ್ನು ಅಳೆಯಲಾಯಿತು. 1988ರಿಂದ ಕೊರೆಯುವ ಕೆಲಸ ನಡೆಯಿತು. 2001ರಲ್ಲಿ ನಾರ್ದರ್ನ್ ಡೈನಾಸ್ಟಿ ಎಂಬ ಕೆನಡಾದ ಕಂಪನಿ ಈ ಸ್ಥಳದ ಹಕ್ಕಿಗೆ ಒಪ್ಪಂದ ಮಾಡಿಕೊಂಡಿತು. 2005ರಲ್ಲಿ ನಿಕ್ಷೇಪದ ಪೂರ್ವದಂಚಿನಲ್ಲಿ ಕೊರೆದಾಗ ಹೊಸ ಸಂಗತಿ ತಿಳಿಯಿತು. ಅದಿರು ಅಲ್ಲಿಗೆ ಮುಗಿದಿರಲಿಲ್ಲ. ಅನಂತರ ಸಂಚಯಗೊಂಡ ಶಿಲಾಸ್ತರಗಳ ಹೊದಿಕೆಯಡಿ ಅದು ಪೂರ್ವಕ್ಕೆ ಮುಂದುವರಿದಿತ್ತು, ಮಾತ್ರವಲ್ಲ, ಇನ್ನೂ ಸಮೃದ್ಧವಾಗಿತ್ತು. ಇದುವರೆಗೆ ಸಾವಿರಕ್ಕೂ ಹೆಚ್ಚು ಕೊರೆಬಾವಿಗಳನ್ನು ಅಲ್ಲಿ ತೋಡಲಾಗಿದೆ. ರಸ್ತೆಯಿಲ್ಲದ ಕಾರಣ ಕೊರೆಯಂತ್ರ, ಇಂಧನ, ಆಹಾರ ಎಲ್ಲವೂ ಹೆಲಿಕಾಪ್ಟರಿನಲ್ಲೇ ಹೋಗಬೇಕಾಯಿತು.

ಕೊರೆಬಾವಿಯಿಂದ ಬರುವ ಕಲ್ಲಿನ ಕಂಬವು ಎಲ್ಲಿ ಎಷ್ಟು ಲೋಹವಿದೆ ಎಂಬುದನ್ನು ಹೇಳುತ್ತದೆ. ಕೆಸರನ್ನು ತಡೆದು ನಿಲ್ಲಿಸುವ ಅಣೆಕಟ್ಟಿನ ಬುಡ ಎಷ್ಟು ಕಾಲ ಗಟ್ಟಿಯಾಗಿರುತ್ತದೆ ಎಂಬುದು ಬೇರೆಯೇ ಪ್ರಶ್ನೆ. 2014ರ ಆಗಸ್ಟ್ 4ರಂದು ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತದ ಮೌಂಟ್ ಪಾಲಿ ಎಂಬ ತಾಮ್ರ-ಚಿನ್ನದ ಗಣಿಯಲ್ಲಿ ಅಂಥ ಕಟ್ಟೆ ಒಡೆಯಿತು. ಸುಮಾರು 2.5 ಕೋಟಿ ಘನ ಮೀಟರ್ ನೀರು ಮತ್ತು ಕೆಸರು ತೊರೆಯನ್ನು ಕೊಚ್ಚಿಕೊಂಡು ಕ್ವೆನೆಲ್ ಸರೋವರಕ್ಕೆ ನುಗ್ಗಿತು. ಕಟ್ಟೆಯಡಿಯಲ್ಲಿ ಹಿಮಯುಗದ ಸರೋವರವೊಂದು ಬಿಟ್ಟುಹೋಗಿದ್ದ ದುರ್ಬಲ ಜೇಡಿಮಣ್ಣಿನ ಪದರವಿತ್ತು. ವಿನ್ಯಾಸದಲ್ಲಿ ಅದನ್ನು ಸರಿಯಾಗಿ ಗಣಿಸಿರಲಿಲ್ಲ ಎಂದು ತಜ್ಞರ ಸಮಿತಿ ಕಂಡುಹಿಡಿಯಿತು. ಪೆಬಲ್ ಪ್ರದೇಶವೂ ಹಿಮನದಿಗಳು ತಂದು ಸುರಿದ ಮಣ್ಣು-ಜಲ್ಲಿಗಳಿಂದ ಮುಚ್ಚಿದ ನೆಲವೇ ಆಗಿದೆ.

ಎರಡನೆಯ ಆತಂಕ ರಾಸಾಯನಿಕವಾದುದು. ಅದಿರಿನಲ್ಲಿ ತಾಮ್ರದ ಖನಿಜದ ಜೊತೆಗೆ ಪೈರೈಟ್, ಅಂದರೆ ಕಬ್ಬಿಣ-ಗಂಧಕದ ಖನಿಜವೂ ಇದೆ. ಬಂಡೆಯೊಳಗೆ ಅದು ನಿರುಪದ್ರವಿ. ಪುಡಿಯಾಗಿ ಗಾಳಿಗೂ ನೀರಿಗೂ ಒಡ್ಡಿಕೊಂಡಾಗ ಅದು ಗಂಧಕಾಮ್ಲವಾಗುತ್ತದೆ. ಆಮ್ಲವು ತಾಮ್ರವನ್ನು ಕರಗಿಸಿ ತೊರೆಗೆ ತರುತ್ತದೆ. ಸಾಲ್ಮನ್ ಮೀನು ಹುಟ್ಟಿದ ತೊರೆಯನ್ನು ಬಿಟ್ಟು ಸಮುದ್ರಕ್ಕೆ ಹೋಗಿ, ಕೆಲವು ವರ್ಷಗಳ ನಂತರ ಮೊಟ್ಟೆಯಿಡಲು ಅದೇ ತೊರೆಗೆ ಮರಳುತ್ತದೆ. ಕೊನೆಯ ಹಂತದಲ್ಲಿ ಅದಕ್ಕೆ ದಾರಿ ತೋರಿಸುವುದು ನೀರಿನ ವಾಸನೆ. ನೂರು ಕೋಟಿ ಪಾಲು ನೀರಿನಲ್ಲಿ ಕೆಲವೇ ಪಾಲು ಕರಗಿದ ತಾಮ್ರವಿದ್ದರೂ ಎಳೆಯ ಸಾಲ್ಮನ್‌ಗಳ ಘ್ರಾಣಶಕ್ತಿ ಕುಂದುತ್ತದೆಂದು ಪ್ರಯೋಗಗಳು ತೋರಿಸಿವೆ. ಮೀನನ್ನು ಕೊಲ್ಲುವಷ್ಟು ವಿಷ ಬೇಕಿಲ್ಲ. ಮನೆಯ ದಾರಿಯನ್ನು ಮರೆಸುವಷ್ಟು ಸಾಕು.

ಆ ಮೀನಿನ ಬೆಲೆ ಸಣ್ಣದಲ್ಲ. ಜಗತ್ತಿನ ಕೆಂಪು ಸಾಲ್ಮನ್‌ನಲ್ಲಿ ಸುಮಾರು ಅರ್ಧ ಭಾಗ ಬ್ರಿಸ್ಟಲ್ ಕೊಲ್ಲಿಯದು. 2022ರಲ್ಲಿ ಅಲ್ಲಿಗೆ ಮರಳಿದ ಮೀನುಗಳು 7 ಕೋಟಿಗೂ ಅಧಿಕ. ಅದು ದಾಖಲೆಯ ವರ್ಷ. ಯೂಪಿಕ್, ಡೆನೈನಾ, ಅಲೂಟಿಕ್ ಜನರು ಸಾವಿರಾರು ವರ್ಷಗಳಿಂದ ಆ ಮೀನನ್ನು ಹೊಗೆಯಲ್ಲಿ ಒಣಗಿಸಿ ಚಳಿಗಾಲವನ್ನು ಕಳೆಯುತ್ತಾ ಬಂದಿದ್ದಾರೆ.

2010ರಲ್ಲಿ ಅಲ್ಲಿನ ಆರು ಬುಡಕಟ್ಟುಗಳು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಗೆ ಮನವಿ ಸಲ್ಲಿಸಿದವು. ಸಂಸ್ಥೆಯ ಅಧ್ಯಯನ 2014ರಲ್ಲಿ ಹೊರಬಂತು. ಅಷ್ಟರಲ್ಲಿ ಪಾಲುದಾರನಾಗಿದ್ದ ಆಂಗ್ಲೊ ಅಮೆರಿಕನ್ ಕಂಪನಿ 50 ಕೋಟಿ ಡಾಲರಿಗೂ ಹೆಚ್ಚು ಖರ್ಚು ಮಾಡಿ 2013ರಲ್ಲಿ ಹೊರನಡೆದಿತ್ತು. ರಿಯೊ ಟಿಂಟೊ ಕಂಪನಿ 2014ರಲ್ಲಿ ತನ್ನ ಷೇರುಗಳನ್ನು ಅಲಾಸ್ಕದ ದತ್ತಿ ಸಂಸ್ಥೆಗಳಿಗೆ ದಾನ ಮಾಡಿತು. ಮುಂದೆ ಕಂಪನಿ ಸಲ್ಲಿಸಿದ ಯೋಜನೆ 20 ವರ್ಷಗಳಲ್ಲಿ ಸುಮಾರು 130 ಕೋಟಿ ಟನ್ ಅದಿರನ್ನು ತೆಗೆಯುವಂಥದು, ಅಂದರೆ ಅಳೆದ ಅದಿರಿನ ಐದನೇ ಒಂದು ಪಾಲು. ಉಳಿದ ನಾಲ್ಕು ಪಾಲನ್ನು ನೆಲದಡಿಯೇ ಬಿಟ್ಟು ಗಣಿಗಾರರು ಹೊರಟುಹೋಗುವರೇ ಎಂಬ ಹಳ್ಳಿಗರ ಪ್ರಶ್ನೆ ಸಹಜವಾದುದೇ ಆಗಿತ್ತು. 2020ರ ನವೆಂಬರಿನಲ್ಲಿ ಸೇನಾ ಎಂಜಿನಿಯರುಗಳ ದಳ ಅನುಮತಿಯನ್ನು ನಿರಾಕರಿಸಿತು. 2023ರ ಜನವರಿಯಲ್ಲಿ ಪರಿಸರ ಸಂಸ್ಥೆಯು ಶುದ್ಧಜಲ ಕಾಯ್ದೆಯಡಿ ಈ ಯೋಜನೆಯ ತ್ಯಾಜ್ಯವನ್ನು ಅಲ್ಲಿನ ನೀರಿಗೆ ಸುರಿಯುವುದನ್ನು ನಿಷೇಧಿಸಿತು. ಸುಮಾರು 160 ಕಿಲೋಮೀಟರ್ ತೊರೆಗಳೂ 2,100 ಎಕರೆ ಜವುಗು ನೆಲವೂ ನಾಶವಾಗುತ್ತಿದ್ದವೆಂಬುದು ಅದರ ಲೆಕ್ಕ. 2024ರಲ್ಲಿ ಕಂಪನಿಯೂ ಅಲಾಸ್ಕ ಸರ್ಕಾರವೂ ಈ ನಿಷೇಧವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದವು.

ಇನ್ನೊಂದು ಪಕ್ಷದ ಮಾತನ್ನೂ ಕೇಳಬೇಕು. ಗಣಿಗೆ ಹತ್ತಿರದ ಕೆಲವು ಹಳ್ಳಿಗಳಲ್ಲಿ ಉದ್ಯೋಗವಿಲ್ಲ, ಇಂಧನ ದುಬಾರಿ, ಯುವಕರು ಊರು ಬಿಡುತ್ತಿದ್ದಾರೆ. ಅಲ್ಲಿನ ಮೂಲನಿವಾಸಿಗಳಲ್ಲೇ ಗಣಿ ಬೇಕೆನ್ನುವವರಿದ್ದಾರೆ. ವಿದ್ಯುತ್ ತಂತಿಗೆ ತಾಮ್ರ ಬೇಕೆಂಬುದೂ ಸುಳ್ಳಲ್ಲ; ಆ ತಂತಿ ಮಲೆನಾಡಿನ ಮನೆಗಳಲ್ಲೂ ಇದೆ. ಆದರೆ ಗಣಿಯ ಉದ್ಯೋಗಕ್ಕೆ 20 ವರ್ಷಗಳ ಆಯುಷ್ಯ; ಕೆಸರಿನ ಕಾವಲಿಗೆ ಕೊನೆಯೇ ಇಲ್ಲ. ಕುದುರೆಮುಖದಲ್ಲಿ ಕಬ್ಬಿಣದ ಗಣಿಗಾರಿಕೆ 2005ರ ಕೊನೆಗೆ ನಿಂತಿತು. ಲಕ್ಯಾ ಅಣೆಕಟ್ಟಿನ ಹಿಂದಿನ ಹೂಳು ಇಂದಿಗೂ ಅಲ್ಲೇ ಇದೆ.

ಆದ್ದರಿಂದ ಯಾವುದೇ ಬೆಟ್ಟಕ್ಕೆ ಕೊರೆಯಂತ್ರ ಬಂದಾಗ ಎಷ್ಟು ಲೋಹವಿದೆ ಎಂಬ ಪ್ರಶ್ನೆಯೊಂದೇ ಸಾಲದು. ಟನ್ನಿಗೆ ಎಷ್ಟು, ಉಳಿದದ್ದು ಎಲ್ಲಿಗೆ, ಅದರಲ್ಲಿ ಗಂಧಕವಿದೆಯೇ, ಕಟ್ಟೆಯ ಬುಡದಲ್ಲಿ ಯಾವ ಮಣ್ಣಿದೆ, ಗಣಿ ಮುಚ್ಚಿದ ಮೇಲೆ ಕಾಯುವವರು ಯಾರು ಎಂದು ಕೇಳಬೇಕು. ಈ ಪ್ರಶ್ನೆಗಳಿಗೆ ಪದವಿ ಬೇಕಿಲ್ಲ. ಉತ್ತರವನ್ನು ಬರವಣಿಗೆಯಲ್ಲಿ ಪಡೆಯುವ ಹಟವಿದ್ದರೆ ಸಾಕು. ಅದೂ ಮೊದಲ ಕೊರೆಬಾವಿಯ ದಿನದಿಂದಲೇ.