ಮ್ಯಾಕ್‌ಡೊನಾಲ್ಡ್: ಹೆಸರಿನ ಬೇರು, ರಕ್ತದ ಬೇರು



ಭಾರತದ ಸ್ವಾತಂತ್ರ್ಯ ಹೋರಾಟದ ಇತಿಹಾಸ ಓದಿದವರಿಗೆ ರಾಮ್ಸೆ ಮ್ಯಾಕ್‌ಡೊನಾಲ್ಡ್ ಎಂಬ ಹೆಸರು ಅಪರಿಚಿತವಲ್ಲ. 1932ರಲ್ಲಿ ಕೋಮುವಾರು ತೀರ್ಪು ಪ್ರಕಟಿಸಿದ ಬ್ರಿಟಿಷ್ ಪ್ರಧಾನಿ ಅವರು. ಯರವಡಾ ಜೈಲಿನಲ್ಲಿ ಗಾಂಧೀಜಿ ಕೈಗೊಂಡ ಉಪವಾಸಕ್ಕೂ, ಅದರ ಹಿಂದೆಯೇ ಬಂದ ಪೂನಾ ಒಪ್ಪಂದಕ್ಕೂ ಆ ತೀರ್ಪೇ ಕಾರಣ. ಆದರೆ ಅವರ ಹೆಸರಿಗೂ ಒಂದು ಕಥೆಯಿದೆ ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ.

ಅವರು ಹುಟ್ಟಿದ್ದು 1866ರಲ್ಲಿ, ಸ್ಕಾಟ್ಲೆಂಡಿನ ಲಾಸಿಮೌತ್ ಎಂಬ ಮೀನುಗಾರರ ಊರಿನಲ್ಲಿ. ತಾಯಿ ರಾಮ್ಸೆ ಮನೆತನದವರು, ತಂದೆ ಮ್ಯಾಕ್‌ಡೊನಾಲ್ಡ್ ಹೆಸರಿನ ಹೊಲದ ಕೂಲಿಯಾಳು. ಇಬ್ಬರಿಗೂ ಮದುವೆಯಾಗಿರಲಿಲ್ಲ. ಆದ್ದರಿಂದ ಜನನ ದಾಖಲೆಯಲ್ಲಿ ಮಗುವಿನ ಹೆಸರು ಜೇಮ್ಸ್ ಮ್ಯಾಕ್‌ಡೊನಾಲ್ಡ್ ರಾಮ್ಸೆ ಎಂದಾಯಿತು. ಮೊದಲ ಮಹಾಯುದ್ಧವನ್ನು ವಿರೋಧಿಸಿದ್ದ ಅವರನ್ನು ಹಣಿಯಲು 1915ರಲ್ಲಿ ‘ಜಾನ್ ಬುಲ್’ ಎಂಬ ಪತ್ರಿಕೆ ಆ ಜನನಪತ್ರವನ್ನೇ ಅಚ್ಚು ಹಾಕಿತು. ಈ ಹೆಸರು ಇವರದಲ್ಲ, ಸುಳ್ಳು ಹೆಸರಿನಲ್ಲಿ ಓಡಾಡುತ್ತಿದ್ದಾರೆ ಎಂಬುದು ಆರೋಪದ ತಿರುಳು.

ಒಂದು ಮನೆತನದ ಹೆಸರು ಯಾರಿಗೆ ಸೇರಿದ್ದು? ಅದನ್ನು ಹೊತ್ತವರೆಲ್ಲ ಒಂದೇ ರಕ್ತದವರೇ? ತಳಿವಿಜ್ಞಾನ ಬೆಳೆದ ಮೇಲೆ ಈ ಪ್ರಶ್ನೆಗೆ ಉತ್ತರ ಹುಡುಕಲು ಹೊಸದೊಂದು ದಾರಿ ಸಿಕ್ಕಿದೆ. ಸಿಕ್ಕ ಉತ್ತರ ಮಾತ್ರ ಆ ಮನೆತನದ ಹಿರಿಯರು ನಿರೀಕ್ಷಿಸಿದ್ದಲ್ಲ.

ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ, ದ್ವೀಪಗಳಲ್ಲಿ ಮತ್ತು ಬೆಟ್ಟನಾಡಿನಲ್ಲಿ ಶತಮಾನಗಳ ಕಾಲ ಆಡುಮಾತಾಗಿದ್ದದ್ದು ಗೇಲಿಕ್. ಆ ಭಾಷೆಯಲ್ಲಿ ‘ಮ್ಯಾಕ್’ ಎಂದರೆ ಮಗ. ಮ್ಯಾಕ್‌ಡೊನಾಲ್ಡ್ ಎಂದರೆ ಡೊನಾಲ್ಡನ ಮಗ. ಹೆಣ್ಣಾದರೆ ಗೇಲಿಕ್‌ನಲ್ಲಿ ‘ಮ್ಯಾಕ್’ ಬದಲು ‘ನಿಕ್’ ಎಂದು ಹೇಳುತ್ತಾರೆ. ಕುಲಕ್ಕೆ ಬಳಸುವ ‘ಕ್ಲಾನ್’ ಎಂಬ ಮಾತಿನ ಮೂಲಾರ್ಥವೂ ಮಕ್ಕಳು ಎಂದೇ. ಹೀಗೆ ಭಾಷೆಯೇ ಕುಲದವರನ್ನೆಲ್ಲ ಒಬ್ಬ ತಂದೆಯ ಮಕ್ಕಳೆಂದು ಕರೆಯುತ್ತದೆ.

ಹೆಸರಿಗೆ ಮೂಲನಾದ ಡೊನಾಲ್ಡ್ ಹದಿಮೂರನೆಯ ಶತಮಾನದವನು. ಆದರೆ ವಂಶದ ನಿಜವಾದ ಮೂಲಪುರುಷನೆಂದು ಕುಲದವರು ಪರಿಗಣಿಸುವುದು ಅವನ ಅಜ್ಜ ಸಾಮರ್ಲೆಡ್‌ನನ್ನು. ಆರ್ಗೈಲ್ ಪ್ರಾಂತ್ಯದ ಒಡೆಯನಾಗಿದ್ದ ಈತ 1156ರಲ್ಲಿ ತನ್ನ ಭಾವಮೈದುನನೇ ಆಗಿದ್ದ ಮ್ಯಾನ್ ದ್ವೀಪದ ರಾಜ ಗಾಡ್ರೆಡ್‌ನ ವಿರುದ್ಧ ನೌಕಾಯುದ್ಧ ಮಾಡಿ ಹೆಬ್ರಿಡೀಸ್ ದ್ವೀಪಗಳಲ್ಲಿ ಪಾಲು ಪಡೆದ. 1164ರಲ್ಲಿ ಸ್ಕಾಟ್ಲೆಂಡಿನ ರಾಜನ ಮೇಲೆ ದಂಡೆತ್ತಿ ಹೋಗಿ ರೆನ್‌ಫ್ರೂ ಬಳಿ ಹತನಾದ. ಅವನ ಮಗ ಡೂಗಲ್‌ನಿಂದ ಮ್ಯಾಕ್‌ಡೂಗಲ್ ಕುಲ, ಮೊಮ್ಮಗ ಡೊನಾಲ್ಡನಿಂದ ಮ್ಯಾಕ್‌ಡೊನಾಲ್ಡ್ ಕುಲ, ಡೊನಾಲ್ಡನ ಮಗ ಅಲಸ್ಟೇರ್‌ನಿಂದ ಮ್ಯಾಕ್‌ಅಲಿಸ್ಟರ್ ಕುಲ ಬೆಳೆದವು. ಮ್ಯಾಕ್‌ಡೊನಾಲ್ಡರು ‘ದ್ವೀಪಗಳ ಪ್ರಭು’ಗಳೆನಿಸಿ, ಐಲಾ ದ್ವೀಪದ ಫಿನ್‌ಲಗನ್ ಎಂಬಲ್ಲಿ ಒಡ್ಡೋಲಗ ನಡೆಸಿದರು. 1493ರಲ್ಲಿ ಸ್ಕಾಟ್ಲೆಂಡಿನ ದೊರೆ ಆ ಪ್ರಭುತ್ವವನ್ನು ಕಿತ್ತುಕೊಳ್ಳುವವರೆಗೂ ಅವರ ವೈಭವ ಸಣ್ಣದಾಗಿರಲಿಲ್ಲ.

ಇಂಥ ಮನೆತನಕ್ಕೆ ವಂಶಾವಳಿ ಹೇಳುವ ಪರಂಪರೆಯ ಕವಿಗಳಿದ್ದರು. ಮ್ಯಾಕ್‌ವೂರಿಖ್ ಎಂಬ ಮನೆತನದವರು ತಲೆತಲಾಂತರದಿಂದ ಈ ಕೆಲಸ ಮಾಡಿದರು. ಈ ಪರಂಪರೆಯ ಪ್ರಕಾರ ಸಾಮರ್ಲೆಡ್ ಐರ್ಲೆಂಡಿನ ಪುರಾತನ ರಾಜಪುತ್ರ ಕೊಲ್ಲಾ ಉವೈಶ್‌ನ ವಂಶಜ. ಕೊಲ್ಲಾನೋ ನೂರು ಕದನಗಳ ವೀರನೆಂದು ಹೆಸರಾದ ಐತಿಹ್ಯದ ರಾಜ ಕಾನ್‌ನ ಕುಡಿ. ಎಂದರೆ ಅಪ್ಪಟ ಗೇಲಿಕ್ ರಕ್ತ.

ಆದರೆ ಸಾಮರ್ಲೆಡ್ ಎಂಬ ಹೆಸರೇ ಬೇರೆ ಮಾತು ಹೇಳುತ್ತದೆ. ಅದು ಗೇಲಿಕ್ ಅಲ್ಲ. ಬೇಸಿಗೆಯ ಪಯಣಿಗ ಎಂಬ ಅರ್ಥದ ನಾರ್ಸ್ ಭಾಷೆಯ ಹೆಸರು. ಬೇಸಿಗೆಯಲ್ಲಿ ಹಡಗು ಹತ್ತಿ ದಾಳಿಗೆ ಹೊರಡುತ್ತಿದ್ದ ವೈಕಿಂಗರ ನಾಡಿನ ಹೆಸರು ಅದು. ಕುತೂಹಲದ ಸಂಗತಿಯೆಂದರೆ, ಅವನ ತಂದೆ ಗಿಲ್‌ಬ್ರೀಡ್ ಮತ್ತು ಅಜ್ಜ ಗಿಲ್‌ಅಡಮ್ನಾನ್ ಇಬ್ಬರದೂ ಗೇಲಿಕ್ ಹೆಸರುಗಳು, ಸಂತರ ಸೇವಕ ಎಂಬ ಅರ್ಥ ಕೊಡುವಂಥವು. 795ರಲ್ಲಿ ಐಯೋನಾ ದ್ವೀಪದ ಮಠದ ಮೇಲೆ ನಡೆದ ದಾಳಿಯಿಂದ ಮೊದಲುಗೊಂಡು ನಾರ್ವೆಯವರು ಈ ದ್ವೀಪಗಳಿಗೆ ಬಂದರು, ನೆಲೆಸಿದರು, ಸ್ಥಳೀಯರೊಡನೆ ಬೆರೆತರು. ನೆರೆಯ ಗೇಲಿಕ್ ಜನ ಹೆಬ್ರಿಡೀಸನ್ನು ‘ಪರಕೀಯರ ದ್ವೀಪಗಳು’ ಎಂದೇ ಕರೆದರು. 1266ರ ಪರ್ತ್ ಒಪ್ಪಂದದವರೆಗೂ ಇವು ನಾರ್ವೆಯ ದೊರೆಗೆ ಸೇರಿದ್ದವು.

ಇಲ್ಲಿಂದ ಮುಂದೆ ತಳಿವಿಜ್ಞಾನದ ಪಾತ್ರ. ಮನುಷ್ಯನ ಜೀವಕೋಶದಲ್ಲಿರುವ 23 ಜೊತೆ ವರ್ಣತಂತುಗಳಲ್ಲಿ ‘ವೈ’ ಎಂಬುದು ಗಂಡಸರಲ್ಲಿ ಮಾತ್ರ ಇರುತ್ತದೆ. ಅದು ತಂದೆಯಿಂದ ಮಗನಿಗೆ ಬಹುಮಟ್ಟಿಗೆ ಹಾಗೆಯೇ ಇಳಿದು ಬರುತ್ತದೆ. ಅಪರೂಪಕ್ಕೊಮ್ಮೆ ಅದರಲ್ಲಿ ಸಣ್ಣ ಬದಲಾವಣೆಯಾಗುತ್ತದೆ. ಆ ಬದಲಾವಣೆಯೂ ಮುಂದಿನ ತಲೆಮಾರಿಗೆ ಗುರುತಾಗಿ ಸಾಗುತ್ತದೆ. ಮನೆತನದ ಹೆಸರೂ ತಂದೆಯಿಂದ ಮಗನಿಗೆ ಇಳಿಯುವಂಥದ್ದೇ. ಆದ್ದರಿಂದ ಹೆಸರು ಮತ್ತು ವೈ ವರ್ಣತಂತು ಜೊತೆಜೊತೆಗೇ ಸಾಗಿ ಬಂದಿವೆಯೇ ಎಂದು ನೋಡಬಹುದು.

ಆಕ್ಸ್‌ಫರ್ಡ್‌ನ ತಳಿವಿಜ್ಞಾನಿ ಬ್ರಯಾನ್ ಸೈಕ್ಸ್ ಅವರು 2003ರಲ್ಲಿ ಪ್ರಕಟವಾದ ‘ಆಡಮ್ಸ್ ಕರ್ಸ್’ ಪುಸ್ತಕದಲ್ಲಿ ಇಂಥ ಪರೀಕ್ಷೆಯ ವಿವರ ನೀಡಿದರು. ಮ್ಯಾಕ್‌ಡೊನಾಲ್ಡ್, ಮ್ಯಾಕ್‌ಡೂಗಲ್ ಮತ್ತು ಮ್ಯಾಕ್‌ಅಲಿಸ್ಟರ್ ಹೆಸರಿನ ಗಂಡಸರನ್ನೂ, ಸಾಮರ್ಲೆಡ್‌ವರೆಗೆ ಲಿಖಿತ ವಂಶಾವಳಿ ಇರುವ ಕುಲನಾಯಕರನ್ನೂ ಪರೀಕ್ಷಿಸಲಾಯಿತು. ಎರಡು ಸಂಗತಿ ಹೊರಬಿದ್ದವು.

ಮೊದಲನೆಯದು, ಕುಲನಾಯಕರ ವೈ ವರ್ಣತಂತು ಒಂದಕ್ಕೊಂದು ಹೊಂದಿಕೆಯಾಯಿತು. ಎಂಟು ಶತಮಾನಗಳ ವಂಶಾವಳಿ ಸಾಮರ್ಲೆಡ್‌ವರೆಗೆ ಸರಿಯಾಗಿಯೇ ಇತ್ತು ಎಂಬುದಕ್ಕೆ ಇದು ಬಲವಾದ ಸಾಕ್ಷ್ಯ. ಆದರೆ ಅದು ‘ಆರ್-1-ಎ’ ಗುಂಪಿಗೆ ಸೇರಿದ್ದು. ನಾರ್ವೆಯಲ್ಲಿ ಸಾಮಾನ್ಯವಾದ, ಐರ್ಲೆಂಡಿನಲ್ಲಿ ಅಪರೂಪವಾದ ಬಗೆ. ಹಾಗಾದರೆ ಗಂಡು ಸಂತತಿಯ ನೇರ ಸಾಲಿನಲ್ಲಿ ಈ ಕುಲದ ಮೂಲ ಇರುವುದು ಐರಿಷ್ ರಾಜನಲ್ಲಿ ಅಲ್ಲ, ನಾರ್ವೆಯಿಂದ ಬಂದ ಯಾರೋ ವೈಕಿಂಗನಲ್ಲಿ. ಕವಿಗಳು ಕಟ್ಟಿದ ವಂಶಾವಳಿಯ ಹಳೆಯ ಭಾಗ ರಕ್ತದ ದಾಖಲೆಯಲ್ಲ, ರಾಜಕೀಯದ ದಾಖಲೆ. ಗೇಲಿಕ್ ಜನರನ್ನು ಆಳಬೇಕಾದವನು ಗೇಲಿಕ್ ರಾಜವಂಶದವನಾಗಿರಬೇಕಿತ್ತು.

ಭಾರತೀಯರು ಇಲ್ಲೊಂದು ಎಚ್ಚರ ವಹಿಸಬೇಕು. ‘ಆರ್-1-ಎ’ ಗುಂಪು ಭಾರತದಲ್ಲೂ ವ್ಯಾಪಕವಾಗಿದೆ. ಹಾಗೆಂದು ಇಲ್ಲಿನವರಿಗೂ ವೈಕಿಂಗರಿಗೂ ಹತ್ತಿರದ ನಂಟೆಂದು ಭಾವಿಸುವಂತಿಲ್ಲ. ಏಷ್ಯಾದ ಕವಲು ಮತ್ತು ಸ್ಕ್ಯಾಂಡಿನೇವಿಯಾದ ಕವಲು ಬೇರೆಬೇರೆ. ಅವು ಅಗಲಿದ್ದು ಸಾಮರ್ಲೆಡ್‌ಗಿಂತ ಸಾವಿರಾರು ವರ್ಷ ಮೊದಲು.

ಎರಡನೆಯ ಸಂಗತಿ ಇನ್ನೂ ಮುಖ್ಯವಾದುದು. ಮ್ಯಾಕ್‌ಡೊನಾಲ್ಡ್ ಹೆಸರು ಹೊತ್ತ ಸಾಮಾನ್ಯ ಜನರಲ್ಲಿ ಬಹುಪಾಲು ಮಂದಿಗೆ ಸಾಮರ್ಲೆಡ್‌ನ ವೈ ವರ್ಣತಂತು ಇರಲಿಲ್ಲ. ಇದರಲ್ಲಿ ಅಚ್ಚರಿಪಡುವಂಥದ್ದೇನೂ ಇಲ್ಲ. ಬೆಟ್ಟನಾಡಿನಲ್ಲಿ ಕುಲವೆಂದರೆ ನೆಲ ಮತ್ತು ರಕ್ಷಣೆಯ ವ್ಯವಸ್ಥೆ. ಒಡೆಯನ ಭೂಮಿ ಉತ್ತವರು, ಅವನ ದಂಡಿನಲ್ಲಿ ಕಾದಿದವರು, ಬೇರೆಡೆಯಿಂದ ಬಂದು ಆಶ್ರಯ ಪಡೆದವರು ಅವನ ಹೆಸರನ್ನು ತಮ್ಮದಾಗಿಸಿಕೊಂಡರು. ಸಾಮಾನ್ಯರಿಗೆ ಕಾಯಂ ಮನೆತನದ ಹೆಸರು ಗಟ್ಟಿಯಾದದ್ದೇ ತೀರ ತಡವಾಗಿ. ದತ್ತು ಮಕ್ಕಳು, ತಾಯಿಯ ಹೆಸರು ಪಡೆದವರು, ಮದುವೆಯಾಚೆ ಹುಟ್ಟಿದವರು ಇದ್ದೇ ಇದ್ದರು. ಡೊನಾಲ್ಡ್ ಎಂಬುದು ಸಾಮಾನ್ಯ ಹೆಸರಾದ್ದರಿಂದ, ಸಂಬಂಧವೇ ಇಲ್ಲದ ಬೇರೊಬ್ಬ ಡೊನಾಲ್ಡನ ಮಕ್ಕಳೂ ಅದೇ ಹೆಸರಿನವರಾದರು.

ಹೆಸರು ಬದಲಾಗುವುದು ಎಷ್ಟು ಸುಲಭವಾಗಿತ್ತು, ಎಷ್ಟು ಕ್ರೂರವೂ ಆಗಿತ್ತು ಎಂಬುದಕ್ಕೆ ನೆರೆಯ ಮ್ಯಾಕ್‌ಗ್ರೆಗರ್ ಕುಲವೇ ಸಾಕ್ಷಿ. 1603ರಲ್ಲಿ ದೊರೆ ಆರನೆಯ ಜೇಮ್ಸ್‌ನ ಸರ್ಕಾರ ಆ ಹೆಸರನ್ನೇ ನಿಷೇಧಿಸಿತು. ಬಿಡದವರಿಗೆ ಮರಣದಂಡನೆ. ಜೀವ ಉಳಿಸಿಕೊಳ್ಳಲು ಮ್ಯಾಕ್‌ಗ್ರೆಗರ್‌ಗಳು ಬೇರೆಬೇರೆ ಹೆಸರು ಇಟ್ಟುಕೊಂಡರು. ನಡುವೆ ಕೆಲಕಾಲ ಸಡಿಲಗೊಂಡು ಮತ್ತೆ ಜಾರಿಗೆ ಬಂದ ನಿಷೇಧ ಕೊನೆಗೂ ರದ್ದಾದದ್ದು 1774ರಲ್ಲಿ. ಆ ಹೊತ್ತಿಗೆ ಎಷ್ಟೋ ಮನೆಗಳು ಹೊಸ ಹೆಸರಿನಲ್ಲೇ ನೆಲೆಯೂರಿದ್ದವು. ರಕ್ತ ಅದೇ, ಹೆಸರು ಬೇರೆ. ಮ್ಯಾಕ್‌ಡೊನಾಲ್ಡರ ಒಕ್ಕಲುಗಳಲ್ಲಿ ನಡೆದದ್ದು ಇದಕ್ಕೆ ತಿರುವುಮುರುವು.

1746ರ ಕಲೋಡನ್ ಕದನದ ನಂತರ ಕುಲಗಳ ವ್ಯವಸ್ಥೆ ಮುರಿದುಬಿತ್ತು. ಮುಂದೆ ಭೂಮಾಲೀಕರು ಕುರಿ ಸಾಕಣೆಗಾಗಿ ಒಕ್ಕಲೆಬ್ಬಿಸಿದಾಗ ಸಹಸ್ರಾರು ಜನ ಕೆನಡಾ, ಅಮೆರಿಕ, ಆಸ್ಟ್ರೇಲಿಯಾಗಳಿಗೆ ಹೊರಟರು. ಭಾಷೆ ಹೋಯಿತು, ನೆಲ ಹೋಯಿತು, ಉಳಿದದ್ದು ಹೆಸರೊಂದೇ. ಅವರ ಸಂತತಿಯವರು ಇಂದು ಹಣ ತೆತ್ತು ಡಿಎನ್‌ಎ ಪರೀಕ್ಷೆ ಮಾಡಿಸಿಕೊಳ್ಳುತ್ತಾರೆ. ಸಾಮರ್ಲೆಡ್‌ನ ಗುರುತು ಸಿಗದಿದ್ದರೆ ತಾವು ನಿಜವಾದ ಮ್ಯಾಕ್‌ಡೊನಾಲ್ಡರಲ್ಲವೇನೋ ಎಂದು ಕಳವಳಪಡುವವರೂ ಇದ್ದಾರೆ.

ಈ ಕಳವಳಕ್ಕೆ ಲೆಕ್ಕವೇ ಉತ್ತರ ಹೇಳುತ್ತದೆ. ಒಬ್ಬನಿಗೆ ಇಬ್ಬರು ತಂದೆತಾಯಿ, ನಾಲ್ವರು ಅಜ್ಜ-ಅಜ್ಜಿಯರು. ಹತ್ತು ತಲೆಮಾರು ಹಿಂದೆ ಹೋದರೆ 1,024 ಸ್ಥಾನಗಳು. ತಲೆಮಾರಿಗೆ ಮೂವತ್ತು ವರ್ಷ ಹಿಡಿದರೆ ಸಾಮರ್ಲೆಡ್‌ನ ಕಾಲಕ್ಕೆ ಸುಮಾರು 28 ತಲೆಮಾರು. ಸ್ಥಾನಗಳ ಸಂಖ್ಯೆ 26 ಕೋಟಿ ದಾಟುತ್ತದೆ. ಅಷ್ಟು ಜನ ಸ್ಕಾಟ್ಲೆಂಡಿನಲ್ಲಿ ಎಂದೂ ಇರಲಿಲ್ಲ. ಎಂದರೆ ಅದೇ ಪೂರ್ವಜರು ಮತ್ತೆಮತ್ತೆ ಬೇರೆಬೇರೆ ದಾರಿಯಲ್ಲಿ ಎದುರಾಗುತ್ತಾರೆ. ವೈ ವರ್ಣತಂತು ತೋರಿಸುವುದು ಈ ಕೋಟಿಗಳಲ್ಲಿ ಒಂದೇ ಒಂದು ಸ್ಥಾನವನ್ನು. ಅದು ಕುಲದ ಹೆಣ್ಣುಮಕ್ಕಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆ ದ್ವೀಪಗಳಲ್ಲಿ ತಲೆಮಾರುಗಳಿಂದ ಬೇರೂರಿದ ಮನೆಯವನೊಬ್ಬನಿಗೆ ವೈ ಪರೀಕ್ಷೆಯಲ್ಲಿ ಸಾಮರ್ಲೆಡ್ ಸಿಗದಿದ್ದರೂ, ಯಾವುದೋ ಅಜ್ಜಿ, ಮುತ್ತಜ್ಜಿಯ ಮೂಲಕ ಆತ ಸಾಮರ್ಲೆಡ್‌ನ ವಂಶಜನೇ ಆಗಿರುವ ಸಾಧ್ಯತೆ ಹೆಚ್ಚು.

ಆದ್ದರಿಂದ ತಳಿವಿಜ್ಞಾನ ಯಾರ ಹೆಸರನ್ನೂ ಕಿತ್ತುಕೊಂಡಿಲ್ಲ. 1692ರ ಫೆಬ್ರವರಿ 13ರ ಬೆಳಗಿನ ಜಾವ ಗ್ಲೆಂಕೋ ಕಣಿವೆಯಲ್ಲಿ, ಅತಿಥಿಗಳಾಗಿ ಉಂಡುಮಲಗಿದ್ದ ಸೈನಿಕರೇ 38 ಮಂದಿಯನ್ನು ಕೊಂದಾಗ, ಅವರು ಸತ್ತದ್ದು ಮ್ಯಾಕ್‌ಡೊನಾಲ್ಡರೆಂಬ ಕಾರಣಕ್ಕೆ. ಅವರಲ್ಲಿ ಯಾರ ರಕ್ತ ನಾರ್ವೆಯದು, ಯಾರದು ಐರ್ಲೆಂಡಿನದು ಎಂದು ಕೊಲ್ಲುವವರು ಕೇಳಲಿಲ್ಲ. ಒಟ್ಟಿಗೆ ಉತ್ತು, ಒಟ್ಟಿಗೆ ಕಾದಿ, ಒಟ್ಟಿಗೆ ಊರು ಬಿಟ್ಟವರ ಹೆಸರು ಅದು. ರಕ್ತದ ಪರೀಕ್ಷೆ ಆ ಇತಿಹಾಸಕ್ಕೆ ಒಂದು ಪುಟ ಸೇರಿಸಬಹುದು. ಅದರಿಂದ ಯಾರನ್ನೂ ಹೊರಗೆ ಹಾಕುವ ಅಧಿಕಾರ ಅದಕ್ಕಿಲ್ಲ.