ಯುವಜನರೂ ಪ್ರಜಾಪ್ರಭುತ್ವದ ಹೊಣೆಯೂ

(ನಮ್ಮ ದೇವಾಲಯದ ಶತಮಾನೋತ್ಸವದ ಅಂಗವಾಗಿ ಜರುಗಿದ ಯುವಜನ ಸಮಾವೇಶದಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ನೂರು ವರ್ಷಗಳ ಹಿಂದೆ ನಮ್ಮ ಹಿರಿಯರು ಈ ದೇವಾಲಯಕ್ಕೆ ಅಡಿಗಲ್ಲು ಹಾಕಿದರು. ಕಲ್ಲು ಹೊತ್ತರು, ಗಾರೆ ಅರೆದರು, ತಮ್ಮ ಕೂಲಿಯಲ್ಲಿ ಒಂದು ಪಾಲನ್ನು ತಂದು ಗುರುಗಳ ಕೈಗೆ ಒಪ್ಪಿಸಿದರು. ದೇವರ ಮನೆಯನ್ನು ಕಟ್ಟುವ ಶಕ್ತಿ ಅವರಿಗಿತ್ತು. ಆದರೆ ತಮ್ಮನ್ನು ಆಳುವವರು ಯಾರೆಂದು ನಿರ್ಣಯಿಸುವ ಅಧಿಕಾರ ಅವರಿಗಿರಲಿಲ್ಲ. ಆ ಕಾಲದಲ್ಲಿ ಮತದಾನವೆಂಬುದು ಆಸ್ತಿ, ಕಂದಾಯ, ವಿದ್ಯೆಗಳ ಬಲವುಳ್ಳ ಕೆಲವರ ಸೊತ್ತಾಗಿತ್ತು. ಈ ಗೋಡೆಗೆ ಕಲ್ಲು ಹೊತ್ತ ತಾಯಂದಿರನ್ನು ಯಾರೂ ಏನನ್ನೂ ಕೇಳುತ್ತಿರಲಿಲ್ಲ. ಆದುದರಿಂದ ದೇವಾಲಯದ ನೂರು ವರ್ಷಗಳ ಕೃಪೆಗಾಗಿ ದೇವರನ್ನು ಸ್ತುತಿಸುವ ಈ ಸಂದರ್ಭದಲ್ಲಿ, ಅದೇ ಅವಧಿಯಲ್ಲಿ ನಮಗೆ ದೊರೆತ ಇನ್ನೊಂದು ವರವನ್ನೂ ಸ್ಮರಿಸುವುದು ಯುಕ್ತವೆಂದು ಭಾವಿಸುತ್ತೇವೆ.

1950ರ ಜನವರಿ 26ರಂದು ನಮ್ಮ ಸಂವಿಧಾನ ಜಾರಿಗೆ ಬಂದಿತು. ಬಡವ ಬಲ್ಲಿದ, ಹೆಣ್ಣು ಗಂಡು, ಅಕ್ಷರಸ್ಥ ನಿರಕ್ಷರಿ ಎನ್ನದೆ ವಯಸ್ಕರೆಲ್ಲರಿಗೂ ಒಂದೊಂದು ಮತ ದೊರಕಿತು. 1951-52ರ ಪ್ರಥಮ ಮಹಾಚುನಾವಣೆಯ ಪಟ್ಟಿಯಲ್ಲಿ ಸುಮಾರು 17 ಕೋಟಿ 30 ಲಕ್ಷ ಮತದಾರರಿದ್ದರು. ಆ ಪಟ್ಟಿ ತಯಾರಾದ ಬಗೆಯಲ್ಲಿ ಒಂದು ಸಂಗತಿಯುಂಟು; ನಮ್ಮ ಹೆಣ್ಣುಮಕ್ಕಳು ಅದನ್ನು ಮರೆಯಬಾರದು. ಅನೇಕ ಸ್ತ್ರೀಯರು ಹೆಸರು ಬರೆದುಕೊಳ್ಳಲು ಬಂದವರಿಗೆ ತಮ್ಮ ಹೆಸರನ್ನೇ ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದರು. ಸ್ವಂತ ಹೆಸರಿಲ್ಲದೆ ಮತವಿಲ್ಲವೆಂದು ಚುನಾವಣಾ ಆಯೋಗ ಪಟ್ಟು ಹಿಡಿಯಿತು. ಕೊನೆಗೆ ಸುಮಾರು 28 ಲಕ್ಷ ಸ್ತ್ರೀಯರ ಹೆಸರುಗಳು ಪಟ್ಟಿಯಿಂದ ಬಿಟ್ಟುಹೋದವು. ಕಾನೂನು ಹಕ್ಕನ್ನು ಕೊಟ್ಟಿತ್ತು. ಅದನ್ನು ಸ್ವಂತ ಹೆಸರಿನಿಂದ ಪಡೆದುಕೊಳ್ಳುವ ಅಭ್ಯಾಸವನ್ನು ಮಾತ್ರ ಯಾರೂ ಕಲಿಸಿರಲಿಲ್ಲ. ನಾವು ಇಂದು ಹೇಳಬೇಕೆಂದಿರುವ ಮಾತು ಇದೇ. ಹಕ್ಕು ಕಾಗದದ ಮೂಲಕ ಬರುತ್ತದೆ. ಪ್ರಜಾಪ್ರಭುತ್ವವಾದರೋ ಅಭ್ಯಾಸದಿಂದ ಮಾತ್ರ ಬರುತ್ತದೆ.

ಆ ಸಂವಿಧಾನವನ್ನು ರಚಿಸಿದ ಸಭೆಯಲ್ಲಿ ಒಬ್ಬ ಕಥೋಲಿಕ ಗುರುವೂ ಇದ್ದರೆಂಬುದನ್ನು ನಮ್ಮ ಯುವಕರಲ್ಲಿ ಎಷ್ಟು ಮಂದಿ ಬಲ್ಲರು? 1897ರಲ್ಲಿ ಮಂಗಳೂರಿನಲ್ಲಿ ಜನಿಸಿದ ಯೇಸುಸಭೆಯ ವಂದನೀಯ ಜೆರೋಮ್ ಡಿಸೋಜರವರು ಮದ್ರಾಸು ಪ್ರಾಂತ್ಯದಿಂದ ಆ ಸಭೆಯ ಸದಸ್ಯರಾಗಿದ್ದರು. ಸಭೆಯ ಉಪಾಧ್ಯಕ್ಷರಾಗಿದ್ದ ಬಂಗಾಳದ ಹರೇಂದ್ರ ಕುಮಾರ್ ಮುಖರ್ಜಿಯವರೂ ಕ್ರೈಸ್ತರೇ. ಧಾರ್ಮಿಕ ಅಲ್ಪಸಂಖ್ಯಾತರಿಗೆ ಶಾಸನಸಭೆಗಳಲ್ಲಿ ಪ್ರತ್ಯೇಕವಾಗಿ ಸ್ಥಾನಗಳನ್ನು ಕಾದಿರಿಸಬೇಕೆಂಬ ಏರ್ಪಾಡನ್ನು ಕೈಬಿಡುವ ಪ್ರಶ್ನೆ 1949ರ ಮೇ ತಿಂಗಳಲ್ಲಿ ಸಭೆಯ ಮುಂದೆ ಬಂದಾಗ, ಇವರಿಬ್ಬರೂ ಅದಕ್ಕೆ ಸಮ್ಮತಿಸಿದವರು. ನಮಗಾಗಿ ಬೇರೆ ಕುರ್ಚಿ ಬೇಡ, ನೆರೆಹೊರೆಯವರ ನಂಬಿಕೆಯೇ ಸಾಕು ಎಂಬುದು ಆ ಸಮ್ಮತಿಯ ಅರ್ಥ. ಬಂಧುಗಳೇ, ಅದು ಕೇವಲ ತ್ಯಾಗವಲ್ಲ, ಅದೊಂದು ವಾಗ್ದಾನ. ಬೇರೆ ಕುರ್ಚಿಯನ್ನು ಬೇಡವೆಂದವನು ಎಲ್ಲರೊಡನೆ ಚಾಪೆಯ ಮೇಲೆ ಬಂದು ಕೂರಬೇಕು. ಹಿರಿಯರು ನಮ್ಮ ಪರವಾಗಿ ಕೊಟ್ಟ ಆ ಮಾತನ್ನು ನಾವು ನಡೆಸಿದ್ದೇವೆಯೇ?

ಎರಡು ವರ್ಷಗಳ ಹಿಂದೆ ನಾವು ಈ ಊರಿನ ಒಬ್ಬ ಮತದಾರನಾಗಿ ಗ್ರಾಮಸಭೆಗೆ ಹೋಗಿದ್ದೆವು. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಬೇಕೆಂಬುದು ನಮ್ಮ ರಾಜ್ಯದ ಕಾನೂನು. ಮನೆ ಯಾರಿಗೆ ಮಂಜೂರಾಗಬೇಕು, ನೀರಿನ ಕೊಳವೆ ಯಾವ ಕೇರಿಗೆ ಹೋಗಬೇಕು ಎಂಬುದೆಲ್ಲ ಅಲ್ಲಿ ಚರ್ಚೆಯಾಗುತ್ತದೆ. ಅಂದು ನಮ್ಮ ಧರ್ಮಕೇಂದ್ರದಿಂದ ಬಂದವರು ನಾಲ್ವರು. ನಾಲ್ವರೂ ಐವತ್ತು ದಾಟಿದವರು. ಮುಂದಿನ ಭಾನುವಾರ ಧರ್ಮೋಪದೇಶ ತರಗತಿಯಲ್ಲಿ ದೊಡ್ಡ ಮಕ್ಕಳನ್ನು ಪರೀಕ್ಷಿಸಿದೆವು. ಪ್ರಧಾನಿಯ ಹೆಸರು ಎಲ್ಲರಿಗೂ ಗೊತ್ತಿತ್ತು. ದೂರದ ದೇಶಗಳ ಅಧ್ಯಕ್ಷರ ಹೆಸರನ್ನೂ ಕೆಲವರು ಹೇಳಿದರು. ತಮ್ಮ ವಾರ್ಡಿನ ಪಂಚಾಯಿತಿ ಸದಸ್ಯರ ಹೆಸರನ್ನು ಒಬ್ಬರೂ ಹೇಳಲಿಲ್ಲ. ಆ ಸದಸ್ಯರ ಮನೆ ನಮ್ಮ ದೇವಾಲಯದಿಂದ ಕೂಗಳತೆಯ ದೂರದಲ್ಲಿದೆ!

ನಮಗೆ ಮಕ್ಕಳ ಮೇಲೆ ಬೇಸರವಾಯಿತು. ಆದರೆ ಆ ರಾತ್ರಿ ಆತ್ಮಶೋಧನೆಯ ವೇಳೆಯಲ್ಲಿ ಒಂದು ಹಳೆಯ ತಪ್ಪು ನಮ್ಮ ಕಣ್ಣ ಮುಂದೆ ಬಂದು ನಿಂತಿತು. ಅದನ್ನು ಇಂದು ನಿಮ್ಮೆಲ್ಲರ ಎದುರಿಗೆ ಒಪ್ಪಿಕೊಳ್ಳುತ್ತೇವೆ.

ಮೂವತ್ತು ವರ್ಷಗಳಿಗೂ ಹಿಂದೆ, ಬೇರೊಂದು ಧರ್ಮಕೇಂದ್ರದಲ್ಲಿ, ವಾರ್ಷಿಕ ಹಬ್ಬ ಮುಗಿದ ಮೇಲೆ ಸಭೆ ಕರೆದಿದ್ದೆವು. ಹತ್ತೊಂಬತ್ತರ ಹರೆಯದ ಒಬ್ಬ ಯುವಕ ಎದ್ದು ನಿಂತು, "ಸ್ವಾಮಿ, ಹಬ್ಬದ ಜಮಾ ಖರ್ಚು ಓದಿ ಹೇಳ್ತೀರಾ?" ಎಂದು ಕೇಳಿದ. ಲೆಕ್ಕ ಸರಿಯಾಗಿಯೇ ಇತ್ತು. ಪುಸ್ತಕ ನಮ್ಮ ಮೇಜಿನ ಮೇಲೆಯೇ ಇತ್ತು. ಓದಲು ಐದು ನಿಮಿಷ ಸಾಕಾಗಿತ್ತು. ಆದರೆ ಪ್ರಶ್ನೆಯೇ ಅವಿಧೇಯತೆಯೆಂದು ನಮಗೆ ತೋರಿತು. "ಕೂತುಕೋ" ಎಂದೆವು. ಹಿರಿಯರು ತಲೆದೂಗಿದರು. ಅವನು ಕುಳಿತ. ಅನೇಕ ವರ್ಷಗಳ ಬಳಿಕ ಒಂದು ಬಸ್ ನಿಲ್ದಾಣದಲ್ಲಿ ಅವನೇ ಬಂದು ಮಾತನಾಡಿಸಿದ. ತನ್ನ ಊರಿನ ರಸ್ತೆಯ ಹಣ ಎಲ್ಲಿ ಹೋಯಿತೋ ತಿಳಿಯದೆಂದು ಹೇಳಿದ. ನೀನು ಕೇಳಲಿಲ್ಲವೇ ಎಂದು ನಾವು ಪ್ರಶ್ನಿಸಿದೆವು. ಅವನು ನಕ್ಕು, "ಅವತ್ತು ಕೂತುಕೋ ಅಂದ್ರಲ್ಲ ಸ್ವಾಮಿ, ಕೂತ್ಬಿಟ್ಟೆ. ಆಮೇಲೆ ಯಾವ ಸಭೇಲೂ ಎದ್ದಿಲ್ಲ" ಎಂದ. ಅವನ ಮಾತಿನಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನಮಗೆ ಸಮಾಧಾನವಾಗುತ್ತಿತ್ತೋ ಏನೋ.

ನಮ್ಮ ತಪ್ಪು ಅಜ್ಞಾನದ್ದಲ್ಲ. 1983ರಲ್ಲಿ ಪ್ರಕಟವಾದ ಧರ್ಮಸಭೆಯ ಕಾನೂನು ಸಂಹಿತೆಯನ್ನು ನಾವು ಗುರುಮಠದಲ್ಲಿ ಅಭ್ಯಸಿಸಿದವರು. ಪ್ರತಿಯೊಂದು ಧರ್ಮಕೇಂದ್ರದಲ್ಲಿ ಹಣಕಾಸು ಸಮಿತಿ ಇರಬೇಕೆಂದು ಅದರ 537ನೆಯ ನಿಯಮ ವಿಧಿಸುತ್ತದೆ. ಭಕ್ತರು ಅರ್ಪಿಸಿದ ಕಾಣಿಕೆಗಳ ಲೆಕ್ಕವನ್ನು ಭಕ್ತರಿಗೆ ಒಪ್ಪಿಸಬೇಕೆಂದು 1287ನೆಯ ನಿಯಮ ಹೇಳುತ್ತದೆ. ಆ ಹುಡುಗ ಕಾನೂನನ್ನು ಓದಿರಲಿಲ್ಲ, ಆದರೂ ಅದರಂತೆ ನಡೆದ. ನಾವು ಓದಿದ್ದೆವು, ಮೀರಿದೆವು.

ಧರ್ಮಸಭೆಯ ವಿಶ್ವಾಸಸತ್ಯಗಳು ಮತ ಎಣಿಕೆಯಿಂದ ನಿರ್ಣಯವಾಗುವಂಥವಲ್ಲ. ಅದು ನಿಮಗೆ ತಿಳಿದದ್ದೇ. ಆದರೆ ಜನರ ದೂರನ್ನು ಕೇಳುವುದು, ಜನರಿಂದಲೇ ಆರಿಸಿಕೊಳ್ಳುವುದು ನಮಗೆ ಹೊಸದೇನಲ್ಲ. ಪ್ರೇಷಿತರ ಕಾರ್ಯಕಲಾಪಗಳ ಆರನೆಯ ಅಧ್ಯಾಯವನ್ನು ಮನೆಗೆ ಹೋಗಿ ಓದಿರಿ. ದಿನನಿತ್ಯದ ಹಂಚಿಕೆಯಲ್ಲಿ ತಮ್ಮ ವಿಧವೆಯರನ್ನು ಕಡೆಗಣಿಸಲಾಗುತ್ತಿದೆಯೆಂದು ಗ್ರೀಕ್ ಭಾಷೆಯವರು ಗೊಣಗಿದರು. ಪ್ರೇಷಿತರು ಅವರನ್ನು ಗದರಿಸಲಿಲ್ಲ. ಇಡೀ ಸಮುದಾಯವನ್ನು ಕರೆದು, ಒಳ್ಳೆಯ ಹೆಸರುಳ್ಳ ಏಳು ಮಂದಿಯನ್ನು ನೀವೇ ಆರಿಸಿರಿ ಎಂದರು. ಆರಿಸಿ ಬಂದ ಏಳು ಮಂದಿಯ ಹೆಸರುಗಳನ್ನು ಗಮನಿಸಿರಿ: ಸ್ತೇಫನ, ಫಿಲಿಪ್ಪ ಮೊದಲಾಗಿ ಎಲ್ಲವೂ ಗ್ರೀಕ್ ಹೆಸರುಗಳು. ಹಂಚುವ ಕೆಲಸ ದೂರು ಕೊಟ್ಟವರ ಬಳಗಕ್ಕೇ ಸೇರಿತೆಂದು ಇದರಿಂದ ಊಹಿಸಬಹುದು. ಗೊಣಗಾಟವನ್ನು ಹೊಣೆಗಾರಿಕೆಯಾಗಿ ಮಾರ್ಪಡಿಸಿದ ಈ ವಿವೇಕಕ್ಕಿಂತ ಉತ್ತಮವಾದ ಪೌರಶಿಕ್ಷಣ ಯಾವುದಿದೆ? ದ್ವಿತೀಯ ವ್ಯಾಟಿಕನ್ ಮಹಾಸಭೆಯೂ 1965ರ ತನ್ನ ದಸ್ತಾವೇಜಿನಲ್ಲಿ, ಸರ್ವರ ಹಿತಕ್ಕಾಗಿ ಸ್ವತಂತ್ರವಾಗಿ ಮತ ಚಲಾಯಿಸುವುದು ಹಕ್ಕು ಮಾತ್ರವಲ್ಲ, ಕರ್ತವ್ಯವೆಂದೂ ಬೋಧಿಸಿದೆ.

ಹಾಗಾದರೆ ಮಕ್ಕಳಿಗೆ ಇದನ್ನು ಕಲಿಸುವುದು ಹೇಗೆ? ನಮ್ಮ ಕನ್ನಡನಾಡಿನಲ್ಲಿಯೇ ದಾರಿಯುಂಟು. 1990ರ ದಶಕದಲ್ಲಿ ಕುಂದಾಪುರ ತಾಲೂಕಿನ ಕೆಲವು ಗ್ರಾಮಗಳಲ್ಲಿ ಮಕ್ಕಳೇ ಮತ ಹಾಕಿ ಮಕ್ಕಳ ಪಂಚಾಯಿತಿಗಳನ್ನು ರಚಿಸಿಕೊಂಡರು. ಶಾಲೆಗೆ ಹೋಗದೆ ದುಡಿಯುತ್ತಿದ್ದ ಮಕ್ಕಳಿಗೂ ಅಲ್ಲಿ ಸ್ಥಾನವಿತ್ತು. ಇಂದು ಗ್ರಾಮ ಪಂಚಾಯಿತಿಗಳು ಮಕ್ಕಳ ಗ್ರಾಮಸಭೆಯನ್ನು ನಡೆಸುವ ಏರ್ಪಾಡು ರಾಜ್ಯದಲ್ಲಿದೆ. ಕಳೆದ ಬಾರಿ ನಮ್ಮ ಧರ್ಮೋಪದೇಶ ತರಗತಿಯ ಮಕ್ಕಳೂ ಅದಕ್ಕೆ ಹೋದರು. ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ, ಬಸ್ ನಿಲ್ಲುವ ಕಡೆಯಿಂದ ಕಾಲೋನಿಗೆ ಬರುವ ದಾರಿಯಲ್ಲಿ ದೀಪವಿಲ್ಲ, ಸಂಜೆ ಹೆಣ್ಣುಮಕ್ಕಳಿಗೆ ಭಯವಾಗುತ್ತದೆ ಎಂದಳು. ಆಗಲಿ ನೋಡೋಣ ಎಂಬ ಉತ್ತರ ಬಂತು. ಅವಳು ಕೂರಲಿಲ್ಲ. "ನಡಾವಳಿ ಪುಸ್ತಕದಲ್ಲಿ ಬರ್ಕೊಳ್ಳಿ ಸರ್" ಎಂದಳು. ಬರೆದುಕೊಂಡರು. ಮೂರು ತಿಂಗಳು ಕಳೆದರೂ ದೀಪ ಬರಲಿಲ್ಲ. ನಡಾವಳಿಯ ದಿನಾಂಕವನ್ನು ಕಾಣಿಸಿ ಮಕ್ಕಳು ಪತ್ರ ಬರೆದರು. ದೀಪ ಬಂತು. ಮಳೆಗಾಲದಲ್ಲಿ ಕೆಟ್ಟುಹೋಯಿತು; ಮತ್ತೆ ಬರೆದರು. ಸದ್ಯಕ್ಕೆ ಉರಿಯುತ್ತಿದೆ! ಪ್ರಜಾಪ್ರಭುತ್ವವೂ ಹೀಗೆಯೇ. ಒಮ್ಮೆ ಹಚ್ಚಿಟ್ಟರೆ ಸದಾ ಉರಿಯುವುದೆಂದು ನಂಬಿ ಮಲಗುವಂತಿಲ್ಲ.

ಇನ್ನೊಂದು ಕಹಿ ಮಾತನ್ನೂ ಹೇಳಲೇಬೇಕಾಗಿದೆ. ಚುನಾವಣೆಯ ಹಿಂದಿನ ರಾತ್ರಿ ಮನೆಮನೆಗೆ ಲಕೋಟೆ ಬರುತ್ತದೆ. ಕೆಲವು ಕಡೆ ದೇವರ ಪಟದ ಮುಂದೆ ಆಣೆಯನ್ನೂ ಮಾಡಿಸುತ್ತಾರೆ. ಹಣ ತೆಗೆದುಕೊಂಡೆ, ಆಣೆ ಮಾಡಿದೆ, ಈಗ ತಪ್ಪಿದರೆ ಪಾಪವಲ್ಲವೇ ಎಂದು ಕೆಲವರು ನಮ್ಮನ್ನು ಕೇಳಿದ್ದಾರೆ. ಕೆಟ್ಟದ್ದನ್ನು ಮಾಡುತ್ತೇನೆಂದು ಕೊಟ್ಟ ಮಾತು ಮನಸ್ಸಾಕ್ಷಿಯನ್ನು ಕಟ್ಟಿಹಾಕುವುದಿಲ್ಲ ಎಂಬುದು ನೈತಿಕ ದೈವಶಾಸ್ತ್ರದ ಸ್ಪಷ್ಟ ಬೋಧನೆ. ಪಾಪವಿರುವುದು ಆಣೆಯನ್ನು ಮುರಿಯುವುದರಲ್ಲಲ್ಲ, ಲಕೋಟೆಗೆ ಕೈ ಚಾಚಿದುದರಲ್ಲಿ, ದೇವರ ನಾಮವನ್ನು ಅದಕ್ಕೆ ಸಾಕ್ಷಿಯಾಗಿ ಎಳೆದುದರಲ್ಲಿ. ಕಾನೂನಿನ ದೃಷ್ಟಿಯಲ್ಲಿಯೂ ಕೊಟ್ಟವನೂ ತೆಗೆದುಕೊಂಡವನೂ ಇಬ್ಬರೂ ಅಪರಾಧಿಗಳೇ. ತಂದೆತಾಯಿಯರೇ, ಲಕೋಟೆ ಬಂದಾಗ ನಿಮ್ಮ ಮಕ್ಕಳು ಬಾಗಿಲ ಮರೆಯಲ್ಲಿ ನಿಂತು ನೋಡುತ್ತಿರುತ್ತಾರೆ. ಶಾಲೆಯ ಹತ್ತು ಪಾಠಗಳಿಗಿಂತ ಆ ಒಂದು ಗಳಿಗೆಯ ಪಾಠ ಅವರ ಮನಸ್ಸಿನಲ್ಲಿ ಆಳವಾಗಿ ನಿಲ್ಲುತ್ತದೆ.

ಈ ಪೀಠದಿಂದ ನಾವು ಯಾವ ಪಕ್ಷದ ಹೆಸರನ್ನೂ ಹೇಳಿದವರಲ್ಲ, ಹೇಳುವುದೂ ಇಲ್ಲ. ಆದರೆ ಶತಮಾನೋತ್ಸವದ ನೆನಪಿಗಾಗಿ ಮೂರು ಕಾರ್ಯಗಳನ್ನು ಕೈಗೊಳ್ಳೋಣ. ಮೊದಲನೆಯದು, ಮತದಾರರ ಪಟ್ಟಿ. ನಮ್ಮ ಯೌವನದಲ್ಲಿ ಮತಕ್ಕಾಗಿ 21 ವರ್ಷ ತುಂಬುವವರೆಗೆ ಕಾಯಬೇಕಾಗಿತ್ತು. 61ನೆಯ ತಿದ್ದುಪಡಿಯ ಮೂಲಕ 1989ರಿಂದ ಅದು 18ಕ್ಕೆ ಇಳಿಯಿತು. ಈಗಂತೂ 17 ತುಂಬಿದವರು ಮುಂಗಡವಾಗಿಯೇ 6ನೆಯ ನಮೂನೆಯ ಅರ್ಜಿ ಸಲ್ಲಿಸಬಹುದು. ಯುವಸಂಘದವರು ಮನೆಮನೆಗೆ ಹೋಗಿ, ಹೆಸರು ಬಿಟ್ಟುಹೋದ ಪ್ರತಿಯೊಬ್ಬರಿಗೂ ನೆರವಾಗಲಿ. ನಮ್ಮವರಿಗೆ ಮಾತ್ರವಲ್ಲ, ಬೀದಿಯಲ್ಲಿರುವ ಎಲ್ಲರಿಗೂ. ಎರಡನೆಯದು, ಪಂಚಾಯಿತಿಯ ಲೆಕ್ಕವನ್ನು ಜನರ ಮುಂದಿಡುವ ವಾರ್ಷಿಕ ಜಮಾಬಂದಿಗೂ ಗ್ರಾಮಸಭೆಗೂ ಪ್ರತಿ ಕುಟುಂಬದಿಂದ ಒಬ್ಬರಾದರೂ ಹೋಗಬೇಕು; ಹೋಗುವಾಗ ಮನೆಯ ಒಬ್ಬ ಮಗನನ್ನೋ ಮಗಳನ್ನೋ ಜೊತೆಗೆ ಕರೆದೊಯ್ಯಬೇಕು.

ಮೂರನೆಯದು ನಮ್ಮದೇ ಪ್ರಾಯಶ್ಚಿತ್ತ. ಪಾಲನಾ ಪರಿಷತ್ತಿನಲ್ಲಿ ಇಬ್ಬರು ಯುವ ಸದಸ್ಯರಿರುತ್ತಾರೆ, ಒಬ್ಬ ಯುವಕ, ಒಬ್ಬ ಯುವತಿ. ಅವರನ್ನು ನಾವು ನೇಮಿಸುವುದಿಲ್ಲ. ಯುವಜನರೇ ಗುಪ್ತ ಮತದಾನದಿಂದ ಆರಿಸಬೇಕು. ಈ ಶತಮಾನೋತ್ಸವದ ಜಮಾ ಖರ್ಚನ್ನು ಹಬ್ಬ ಮುಗಿದ ಎರಡನೆಯ ಭಾನುವಾರ ಬಲಿಪೂಜೆಯ ನಂತರ ಇಲ್ಲಿಯೇ ಓದಲಾಗುವುದು. ಓದುವವರು ಆ ಇಬ್ಬರೇ. ಯಾರಿಗಾದರೂ ಪ್ರಶ್ನೆಯಿದ್ದರೆ ಎದ್ದು ನಿಂತು ಕೇಳಬಹುದು. ಹಿರಿಯರಲ್ಲಿ ನಮ್ಮ ಬೇಡಿಕೆ ಒಂದೇ: ಮಕ್ಕಳು ಎದ್ದು ನಿಂತಾಗ ಅವರ ತೋಳು ಹಿಡಿದು ಕೆಳಗೆ ಎಳೆಯಬೇಡಿರಿ.

ಯುವಮಿತ್ರರೇ, ಕೇಳುವಾಗ ವಿನಯವಿರಲಿ, ಉತ್ತರ ಬರುವವರೆಗೆ ತಾಳ್ಮೆಯಿರಲಿ, ಉತ್ತರ ಬಂದ ಮೇಲೆ ಕೆಲಸಕ್ಕೆ ಹೆಗಲು ಕೊಡುವ ಮನಸ್ಸಿರಲಿ. ಕಲ್ಲು ಹೊತ್ತು ದೇವಾಲಯ ಕಟ್ಟಿದವರ ಮೊಮ್ಮಕ್ಕಳು ನೀವು. ಊರನ್ನು ಕಟ್ಟುವ ಕಲ್ಲು ಈಗ ನಿಮ್ಮ ಪಾಲಿಗೆ ಬಂದಿದೆ. ನಮ್ಮ ಹಿರಿಯರನ್ನು ನಡೆಸಿದ ಪ್ರಭು ಯೇಸುಕ್ರಿಸ್ತರು ನಿಮ್ಮನ್ನೂ ನಡೆಸಲಿ. ಮಾತೆ ಮರಿಯಮ್ಮನವರ ಪ್ರಾರ್ಥನೆ ನಿಮ್ಮೊಡನಿರಲಿ. ಆಮೆನ್.