ಫ್ರಾನ್ಸಿನ ಹಳೆಯ ಪಾಲುಪತ್ರಗಳು



ಆಸ್ತಿ ವಿಭಾಗದ ಪತ್ರ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಚಕ್ಕುಬಂದಿ, ಸಾಕ್ಷಿಗಳ ರುಜು, ಮುಗಿಯದ ವಾಕ್ಯಗಳು. ಫ್ರಾನ್ಸಿನ ಜಹಗೀರುದಾರ ಮನೆತನಗಳ ಹಳೆಯ ಪತ್ರಗಳೂ ಹೀಗೆಯೇ ನೀರಸ. ಆದರೆ ಪಾಲು ಸಿಗದೆ ಹೋದವರು ಯಾರು ಎಂದು ಹುಡುಕುತ್ತ ಓದಿದರೆ ಅವು ಮಾತನಾಡತೊಡಗುತ್ತವೆ.

ಮೊದಲು ಪತ್ರದ ರೂಪವನ್ನು ನೋಡೋಣ. 1539ರಲ್ಲಿ ದೊರೆ ಒಂದನೆಯ ಫ್ರಾನ್ಸಿಸ್ ಕಾನೂನು ಪತ್ರಗಳಿಂದ ಲ್ಯಾಟಿನ್ ಭಾಷೆಯನ್ನು ಹೊರಹಾಕಿ ಫ್ರೆಂಚನ್ನು ತಂದನು. 1670ರ ದಶಕದಲ್ಲಿ ಹದಿನಾಲ್ಕನೆಯ ಲೂಯಿ ಛಾಪಾ ಕಾಗದವನ್ನು ಕಡ್ಡಾಯ ಮಾಡಿದನು. ಬೊಕ್ಕಸಕ್ಕೆ ಹಣ ಬೇಕಾಗಿತ್ತು. ಮೂಲ ಪ್ರತಿ ನೋಟರಿಯ ಬಳಿ ಉಳಿಯುತ್ತಿತ್ತು. ಮನೆಯವರ ಕೈಗೆ ಬರುತ್ತಿದ್ದುದು ಅದರ ನಕಲು, ಅನೇಕ ವೇಳೆ ಕುರಿಯ ಚರ್ಮದ ಹಾಳೆಯ ಮೇಲೆ.

ಇನ್ನು ಒಳಗಿನ ವಿಷಯ. ಪ್ಯಾರಿಸ್ ಸೀಮೆಯ ಕಟ್ಟಳೆಯಂತೆ ಜಹಗೀರಿನ ದೊಡ್ಡ ಮನೆ ಹಿರಿಯ ಮಗನಿಗೆ ಮೀಸಲು. ಉಳಿದ ಜಹಗೀರಿನಲ್ಲಿ, ಮಕ್ಕಳು ಇಬ್ಬರಾದರೆ ಅವನಿಗೆ ಮೂರರಲ್ಲಿ ಎರಡು ಭಾಗ, ಹೆಚ್ಚು ಮಂದಿಯಾದರೆ ಅರ್ಧ. ಮನೆಯ ಸುತ್ತಲಿನ ಒಂದಿಷ್ಟು ನೆಲವೂ ಅವನದೇ. ಅದಕ್ಕೆ 'ಹುಂಜ ಹಾರುವಷ್ಟು' ಎಂಬ ಅಳತೆ! ಕೊಬ್ಬಿಸಿದ ಹುಂಜ ಎಷ್ಟು ದೂರ ಹಾರೀತೆಂದು ದಾಯಾದಿಗಳು ಜಗಳವಾಡದಿರಲು ಪ್ಯಾರಿಸಿನಲ್ಲಿ ಅದನ್ನು ಒಂದು 'ಆರ್ಪಾಂ', ಎಂದರೆ ಒಂದು ಎಕರೆಗಿಂತ ತುಸು ಕಡಿಮೆ ಎಂದು ಗೊತ್ತುಪಡಿಸಿದ್ದರು.

ಹೆಣ್ಣುಮಕ್ಕಳ ಗತಿ? ಆಂಜೂ, ತೂರೇನ್ ಪ್ರಾಂತಗಳ ಕಟ್ಟಳೆ ಗುಲಾಬಿ ದಂಡೆಯ ಮಾತನ್ನಾಡುತ್ತದೆ. ತಂದೆ ಮಗಳನ್ನು ಮದುವೆ ಮಾಡಿ ಕೊಡುವಾಗ ಮುಡಿಗೆ ಒಂದು ಗುಲಾಬಿ ದಂಡೆಯನ್ನಷ್ಟೇ ಕೊಟ್ಟಿದ್ದರೂ ಸರಿಯೆ, ಆಕೆ ಮತ್ತೆ ಪಾಲು ಕೇಳುವಂತಿರಲಿಲ್ಲ. ನಾರ್ಮಂಡಿಯಲ್ಲಿ ಅಣ್ಣತಮ್ಮಂದಿರಿದ್ದರೆ ಅಕ್ಕತಂಗಿಯರು ಎಷ್ಟೇ ಮಂದಿಯಿರಲಿ, ಎಲ್ಲರಿಗೂ ಸೇರಿ ಮೂರನೆಯ ಒಂದು ಭಾಗವನ್ನು ಮೀರುವಂತಿರಲಿಲ್ಲ.

1789ರ ಕ್ರಾಂತಿ ಈ ಪತ್ರಗಳ ಮೇಲೂ ಎರಗಿತು. 1790ರ ಮಾರ್ಚಿಯಲ್ಲಿ ಜಹಗೀರಿನ ಮೇಲಿನ ಹಿರಿಯ ಮಗನ ಹಕ್ಕು ರದ್ದಾಯಿತು. 1793ರ ಜುಲೈ 17ರ ಕಾನೂನು ಜಹಗೀರು ಹಕ್ಕಿನ ಪತ್ರಗಳನ್ನು ಸುಡಬೇಕೆಂದಿತು. ಬಚ್ಚಿಟ್ಟವರಿಗೆ ಐದು ವರ್ಷ ಸಂಕೋಲೆಯ ಶಿಕ್ಷೆ. ಊರ ಬಯಲಿನಲ್ಲಿ ಚರ್ಮದ ಹಾಳೆಗಳು ಉರಿದವು. ಆದರೂ ನೋಟರಿಗಳ ಕಪಾಟಿನಲ್ಲಿದ್ದ ಪಾಲುಪತ್ರ, ಮದುವೆಯ ಕರಾರುಗಳು ಅಪಾರವಾಗಿ ಉಳಿದುಕೊಂಡವು. ಪ್ಯಾರಿಸಿನ ನೋಟರಿಗಳ ಹಳೆಯ ಪತ್ರಗಳು 1928ರ ಕಾನೂನಿನ ನಂತರ ರಾಷ್ಟ್ರೀಯ ಪತ್ರಾಗಾರವನ್ನು ಸೇರುತ್ತ ಬಂದಿವೆ.

ನನ್ನ ಮಟ್ಟಿಗೆ ಈ ಚರಿತ್ರೆಯಲ್ಲಿ ಹೆಚ್ಚು ಮನಕಲಕುವ ಪುಟ ಮುಂದಿನದು. 1794ರ ಜನವರಿ 6ರ ಕಾನೂನು ಗಂಡು ಹೆಣ್ಣು ಎನ್ನದೆ ಮಕ್ಕಳಿಗೆಲ್ಲ ಸಮಪಾಲು ವಿಧಿಸಿತು. ಅಷ್ಟೇ ಅಲ್ಲ, 1789ರ ಜುಲೈ 14ರಿಂದಲೇ ಜಾರಿಗೆ ಬಂದಂತೆ ಎಂದಿತು. ಆಗಲೇ ಹಂಚಿಹೋಗಿದ್ದ ಆಸ್ತಿಗಳನ್ನು ಮತ್ತೆ ಹಂಚಬೇಕಾಯಿತು. ನಾರ್ಮಂಡಿಯ ಹೆಣ್ಣುಮಕ್ಕಳು ಒಡಹುಟ್ಟಿದವರ ಮೇಲೆ ವ್ಯಾಜ್ಯ ಹೂಡಿ ಪಾಲು ಪಡೆದರು. ಆದರೆ 1795ರಲ್ಲಿ ಸರ್ಕಾರ ಹಿಂದಿನಿಂದ ಜಾರಿ ಎಂಬ ಆ ಅಂಶವನ್ನು ಹಿಂತೆಗೆದುಕೊಂಡಿತು. ಬಂದಿದ್ದ ಪಾಲನ್ನು ಅಣ್ಣತಮ್ಮಂದಿರಿಗೆ ಮರಳಿಸುವ ಪ್ರಸಂಗ ಒದಗಿತು. ಅವರು ಸುಮ್ಮನಿರಲಿಲ್ಲ, ಸರ್ಕಾರಕ್ಕೆ ಅರ್ಜಿಗಳನ್ನು ಬರೆದರು.

ಮುಂದಿನ ಸಾವುಗಳ ಮಟ್ಟಿಗೆ ಸಮಪಾಲಿನ ತತ್ವ ಮಾತ್ರ ಉಳಿಯಿತು. ನೆಪೋಲಿಯನ್ನನ 1804ರ ಸಂಹಿತೆಯಂತೆ ಮೂವರು ಅಥವಾ ಹೆಚ್ಚು ಮಕ್ಕಳಿದ್ದ ತಂದೆ ತನ್ನ ಇಷ್ಟದಂತೆ ಕೊಡಬಹುದಾಗಿದ್ದುದು ಕಾಲುಭಾಗ ಮಾತ್ರ. ಉಳಿದುದನ್ನು ಸಮನಾದ ಪಾಲುಗಳಾಗಿ ಮಾಡಿ ಚೀಟಿ ಎತ್ತಬೇಕು. ಹಿರಿಯ ಮಗನೂ ತಂಗಿಯ ಪಕ್ಕದಲ್ಲಿ ನಿಂತು ಚೀಟಿ ಎತ್ತುವ ಕಾಲ ಬಂದಿತ್ತು.